ಲೈನ್‌ಮ್ಯಾನ್‌ಗೊಂದು ಬಾಡಿಗೆ ಮನೆ

ಜನರಿಗೆ ಏನು ಬೇಕೆಂದು ತನಗೆ ಮೊದಲೇ ಗೊತ್ತು ಅಂದುಕೊಂಡು ಕೆಲಸಕ್ಕೆ ಕೂತವರಿಗೆ ಇಂಥವು ಆಗುತ್ತಲೇ ಇರುತ್ತವೆ. ನನಗೆ ವಾರಕ್ಕೆರಡು ಸಲ ಆಗುತ್ತವೆ.

ನಾನು ಓದಿದ್ದು ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡುವ ಕೆಲಸ, ಪುತ್ತೂರಿನ ಪಾತ್ರೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕುಳಿತು ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕಿನ ಮನೆ, ಜಾಗಗಳನ್ನು ಫೋನಿನಲ್ಲೇ ಹುಡುಕುವ ಆಪ್ ಒಂದನ್ನು ರೂಪಿಸುವುದು. ನಮ್ಮ ಧಣಿ ಮೊದಲು ಜಾಗದ ಬ್ರೋಕರ್. ಮೂವತ್ತು ವರ್ಷ ಬಾಯಲ್ಲಿ ಹೇಳಿದ್ದನ್ನೆಲ್ಲ ಇನ್ನು ಮುಂದೆ ಫೋನ್ ಹೇಳಲಿ ಎಂಬುದು ಅವರ ಆಸೆ. ಫೋನಿಗೆ ಅಷ್ಟು ಧೈರ್ಯ ಇಲ್ಲ ಎಂಬುದು ನನ್ನ ಅನುಭವ.

ಇಲ್ಲಿ ಬರೆಯುತ್ತಿರುವುದೆಲ್ಲ ಒಬ್ಬ ಲೈನ್‌ಮ್ಯಾನ್‌ಗೆ ಶಾಲೆ ಶುರುವಾಗುವುದರೊಳಗೆ ಬಾಡಿಗೆ ಮನೆ ಹುಡುಕಿದಾಗ ನಡೆದದ್ದು. ಮನೆ ಸಿಗದಿದ್ದರೆ ಅವರ ಹೆಂಡತಿ ಮತ್ತು ಮಗಳು ಬೇರೆ ಊರಲ್ಲೇ ಉಳಿಯುವವರಿದ್ದರು. ಆದರೆ ಲೈನ್‌ಮ್ಯಾನ್ ನಮ್ಮಲ್ಲಿಗೆ ಬರುವುದಕ್ಕೆ ಒಂದು ವಾರ ಮೊದಲಿನ ಸಂಗತಿಯೊಂದನ್ನು ಹೇಳಬೇಕು. ಇಲ್ಲದಿದ್ದರೆ ನಮ್ಮ ಆಪ್‌ನ ಯೋಗ್ಯತೆ ನಿಮಗೆ ತಿಳಿಯುವುದಿಲ್ಲ.

೧. ಇಪ್ಪತ್ನಾಲ್ಕು ಗಂಟೆ ಕಾವಲು

ಧಣಿ ಯಾವುದೋ ದೊಡ್ಡ ಊರಿನವರು ಮಾಡಿಟ್ಟ ಆಪನ್ನು ಇದ್ದ ಹಾಗೇ ತಂದಿದ್ದರು. ಮನೆ ಕೊಡುವವರು ತಮ್ಮಲ್ಲಿ ಏನೇನು ಸೌಕರ್ಯ ಉಂಟು ಎಂದು ಅದರಲ್ಲಿರುವ ಪಟ್ಟಿಗೆ ಗುರುತು ಹಾಕಬೇಕು. ಪಟ್ಟಿಯಲ್ಲಿದ್ದದ್ದು ಈಜುಕೊಳ, ಕ್ಲಬ್ ಹೌಸ್, ಇಪ್ಪತ್ನಾಲ್ಕು ಗಂಟೆ ಕಾವಲು ಇತ್ಯಾದಿ.

"ಇದು ಇಲ್ಲಿ ನಡೆಯುವುದಿಲ್ಲ" ಅಂದೆ.

"ನಿಮಗೆ ಓದಿದವರಿಗೆ ಯಾವುದೂ ನಡೆಯುದಿಲ್ಲ. ಒಂದು ವಾರ ಬಿಟ್ಟು ನೋಡುವ" ಅಂದರು ಧಣಿ.

ಒಂದು ವಾರ ಬಿಟ್ಟು ನೋಡಿದೆವು. ಬಂದದ್ದು ಹನ್ನೊಂದು ಮನೆ. ಅದರಲ್ಲಿ ಏಳಕ್ಕೆ ಈಜುಕೊಳ ಇತ್ತು. ಧಣಿಗೆ ಹೆಮ್ಮೆ. ನಾನು ಪಂಜದ ಒಬ್ಬ ಮನೆ ಮಾಲೀಕರಿಗೆ ಫೋನ್ ಮಾಡಿದೆ.

"ಈಜುಕೊಳ ಉಂಟು ಅಂತ ಹಾಕಿದ್ದೀರಿ."

"ಉಂಟಲ್ಲ. ತೋಟಕ್ಕೆ ನೀರು ಬಿಡುವ ಕೆರೆ."

"ಅದರಲ್ಲಿ ಈಜಲಿಕ್ಕೆ ಆಗ್ತದಾ?"

"ಈಜು ಬರುವವರಿಗೆ ಆಗ್ತದೆ. ಬಾರದವರು ಇಳಿಯುದು ಬೇಡ."

"ಕ್ಲಬ್ ಹೌಸ್?"

"ಎದುರಲ್ಲೇ ಯುವಕ ಮಂಡಲದ ಕಟ್ಟಡ. ಶನಿವಾರ ಕೇರಂ ಆಡ್ತಾರೆ. ನಾನು ಹೇಳಿದ್ರೆ ಸೇರಿಸಿಕೊಳ್ತಾರೆ."

"ಇಪ್ಪತ್ನಾಲ್ಕು ಗಂಟೆ ಕಾವಲು?"

"ನಾಯಿ ಉಂಟು."

ನಾಯಿ ಎಂದು ಗಟ್ಟಿಯಾಗಿ ಹೇಳಿಕೊಂಡು ಬರೆದುಕೊಂಡೆ. ಅದು ಅವರ ಮನಸ್ಸಿಗೆ ಚುಚ್ಚಿತೆಂದು ಕಾಣುತ್ತದೆ. ಪ್ರಾಮಾಣಿಕ ಮನುಷ್ಯ. ತಾವಾಗಿಯೇ ಹೇಳಿದರು: "ಒಂದು ನಿಮಿಷ ಮಾರಾಯ್ರೆ. ಅದು ಮಧ್ಯಾಹ್ನ ಊಟ ಆದ ಮೇಲೆ ಮಲಗ್ತದೆ. ನೀವು ಇಪ್ಪತ್ತೆರಡು ಗಂಟೆ ಅಂತ ಮಾಡಿ."

೨. ಇತರೆ

ಲೈನ್‌ಮ್ಯಾನ್ ನಮ್ಮ ಮೆಟ್ಟಿಲು ಹತ್ತಿ ಬಂದದ್ದು ಏಪ್ರಿಲ್ ಕೊನೆಯಲ್ಲಿ. ಸುಳ್ಯದ ಕಡೆಯಿಂದ ಕಡಬದ ಕಡೆಗೆ ವರ್ಗವಾಗಿತ್ತು. ಸದ್ಯಕ್ಕೆ ಜೊತೆಯವರೊಬ್ಬರ ಕೋಣೆಯಲ್ಲಿ ಇದ್ದರು.

"ಎಷ್ಟು ಕೋಣೆಯ ಮನೆ ಬೇಕು?" ಕೇಳಿದೆ.

"ಎಷ್ಟಿದ್ದರೂ ಆಗ್ತದೆ ಸರ್."

"ಕಾರು ನಿಲ್ಲಿಸಲಿಕ್ಕೆ ಜಾಗ?"

"ನನ್ನದು ಬೈಕು."

"ಮತ್ತೆಂತ ಬೇಕು ನಿಮಗೆ?"

ಅವರು ಒಮ್ಮೆ ಬಾಗಿಲಿನ ಕಡೆ ನೋಡಿದರು. ದನಿ ತಗ್ಗಿಸಿದರು. "ನಾನು ಲೈನ್‌ಮ್ಯಾನ್ ಅಂತ ಅಲ್ಲಿ ಯಾರಿಗೂ ಗೊತ್ತಾಗಬಾರದು."

ಹನ್ನೆರಡು ವರ್ಷದ ಸರ್ವಿಸ್, ಮೂರು ಬಾಡಿಗೆ ಮನೆ. ಮೂರರಲ್ಲೂ ಒಂದೇ ಕತೆ. ಕರೆಂಟ್ ಹೋದ ಐದು ನಿಮಿಷಕ್ಕೆ ಅಂಗಳದಲ್ಲಿ ಜನ. ರಜೆಯ ದಿನ, ಊಟದ ಹೊತ್ತು, ಜ್ವರ ಬಂದು ಮಲಗಿದ ದಿನ, ಯಾವುದೂ ಲೆಕ್ಕಕ್ಕಿಲ್ಲ.

"ನಮ್ಮ ಮನೆಯಲ್ಲೂ ಕರೆಂಟ್ ಇಲ್ಲ ಅಂತ ಸ್ವಿಚ್ ಹಾಕಿ ತೋರಿಸ್ತೇನೆ ಸರ್. 'ಓ, ನಿಮಗೇ ಇಲ್ವಾ' ಅಂತ ಕೂತುಬಿಡ್ತಾರೆ. ಬಂದವರಿಗೆಲ್ಲ ಹೆಂಡತಿ ಚಾ ಮಾಡಬೇಕು. ಮಗಳ ಹುಟ್ಟುಹಬ್ಬಕ್ಕೆ ಹದಿನೈದು ಜನರನ್ನು ಕರೆದಿದ್ದೆವು. ಅಷ್ಟರಲ್ಲಿ ಕರೆಂಟ್ ಹೋಯ್ತು. ಅರುವತ್ತು ಜನ ಬಂದರು."

"ಆಮೇಲೆ?"

"ಕೇಕ್ ಸಾಕಾಗಲಿಲ್ಲ. ಮರುದಿನ ಅವಳು ಮಗಳನ್ನು ಕರ್ಕೊಂಡು ಮಂಡೆಕೋಲಿಗೆ, ತಾಯಿ ಮನೆಗೆ ಹೋದಳು. ನಿಮ್ಮನ್ನು ಯಾರೂ ಲೈನ್‌ಮ್ಯಾನ್ ಅಂತ ಕರೆಯದ ಮನೆ ಸಿಕ್ಕಿದ ದಿನ ಫೋನ್ ಮಾಡಿ, ಬರ್ತೇನೆ ಅಂದಳು."

ಮಗಳನ್ನು ಈ ವರ್ಷ ಒಂದನೇ ಕ್ಲಾಸಿಗೆ ಸೇರಿಸಬೇಕು. ಶಾಲೆ ಶುರುವಾಗುವುದರೊಳಗೆ ಮನೆ ಸಿಗದಿದ್ದರೆ ಮಂಡೆಕೋಲಿನಲ್ಲೇ ಸೇರಿಸುವುದು ಎಂದು ಅಲ್ಲಿ ತೀರ್ಮಾನವಾಗಿತ್ತು. "ಒಮ್ಮೆ ಅಲ್ಲಿ ಸೇರಿಸಿದರೆ ಮತ್ತೆ ಅವಳು ಹತ್ತನೇ ಕ್ಲಾಸ್ ಮುಗಿಸುವ ತನಕ ನಾನು ಭಾನುವಾರದ ಅಪ್ಪ" ಅಂದರು. ಅದನ್ನು ಹೇಳುವಾಗ ಅವರು ನಗಲಿಲ್ಲ. ನಾನೂ ನಗಲಿಲ್ಲ.

ಅವರ ವಿವರ ತುಂಬಿಸಲು ಕೂತೆ. 'ಉದ್ಯೋಗ' ಎಂಬ ಜಾಗ ಖಾಲಿ ಬಿಟ್ಟೆ. ಖಾಲಿ ಬಿಡುವ ಹಾಗಿಲ್ಲ ಎಂದು ಆಪ್ ಕೆಂಪಕ್ಷರದಲ್ಲಿ ಗದರಿಸಿತು. ಬ್ಯಾಂಕ್, ಸ್ವಂತ ವ್ಯಾಪಾರ, ವಿದ್ಯಾರ್ಥಿ, ಗೃಹಿಣಿ ಎಲ್ಲ ದಾಟಿ ಕೊನೆಯಲ್ಲಿದ್ದ 'ಇತರೆ' ಒತ್ತಿದೆ. ಹನ್ನೆರಡು ವರ್ಷ ಕಂಬ ಹತ್ತಿದ ಮನುಷ್ಯ ಆ ಶಬ್ದವನ್ನು ಸ್ವಲ್ಪ ಹೊತ್ತು ನೋಡಿದರು. ಮುಖ ಅರಳಿತು.

"ಇದು ಒಳ್ಳೆದುಂಟು ಸರ್. ಇತರೆಯವರಿಗೆ ಯಾರೂ ಫೋನ್ ಮಾಡುದಿಲ್ಲ."

೩. ಎರಡು ಕಿಲೋಮೀಟರ್

ಮೊದಲ ಮನೆ ಕಡಬ ಪೇಟೆಯಿಂದ ಎರಡು ಕಿಲೋಮೀಟರ್ ಎಂದು ಆಪ್ ಹೇಳಿತು. ಎರಡು ಕೋಣೆ, ಹೆಂಚಿನ ಮಾಡು, ಬಾವಿ. ಧಣಿ ನನ್ನನ್ನೂ ಕಳಿಸಿದರು. "ಜನರ ಅಗತ್ಯ ತಿಳಿದುಕೊಳ್ಳಿ" ಅಂದರು. ಬೈಕಿನ ಹಿಂದೆ ಕೂತು ಹೋದೆ.

ರಸ್ತೆ ಹೊಳೆಯ ದಡಕ್ಕೆ ಹೋಗಿ ಮುಗಿಯಿತು. ಮನೆ ಚೆನ್ನಾಗಿ ಕಾಣುತ್ತಿತ್ತು, ಆಚೆ ದಡದಲ್ಲಿ. ಮನೆಯ ಯಜಮಾನರೂ ಕಾಣುತ್ತಿದ್ದರು. ನಮ್ಮನ್ನು ಕಂಡು ದಡಕ್ಕೆ ಇಳಿದು ಬಂದು ಅಲ್ಲಿಂದಲೇ ಬೊಬ್ಬೆ ಹಾಕಿದರು.

"ಮನೆ ಕಾಣ್ತದಾ?"

"ಕಾಣ್ತದೆ. ಬರುದು ಹೇಗೆ?"

"ಈಗ ನಡ್ಕೊಂಡು ಬನ್ನಿ. ಮೊಣಕಾಲು ನೀರು."

"ಮಳೆಗಾಲದಲ್ಲಿ?"

"ಸೇತುವೆ ಉಂಟಲ್ಲ!"

"ಸೇತುವೆ ಎಲ್ಲಿ?"

ಅವರು ಕೈ ಎತ್ತಿ ಒಂದು ಕಡೆ ತೋರಿಸಿದರು. ಅಲ್ಲಿ ಸೇತುವೆ ಇರಲಿಲ್ಲ, ಗುಡ್ಡೆ ಇತ್ತು. ಗುಡ್ಡೆಯ ಆಚೆ ಇನ್ನೊಂದು ಗುಡ್ಡೆ, ಅದರಾಚೆ ಸೇತುವೆ. ಸುತ್ತಿ ಬಂದರೆ ಹದಿನೆಂಟು ಕಿಲೋಮೀಟರ್ ಎಂದು ಕೂಗಾಡಿ ತಿಳಿದುಕೊಂಡೆವು.

"ಮತ್ತೆ ಎರಡು ಅಂತ ಯಾಕೆ ಹಾಕಿದ್ದು?" ನನಗೆ ಸ್ವಲ್ಪ ಸಿಟ್ಟು ಬಂದಿತ್ತು.

"ನಾನು ಹಾಕಿದ್ದಲ್ಲಪ್ಪ! ನಿಮ್ಮ ಆಪ್ ಹಾಕಿದ್ದು."

ನಿಜ. ಆಪ್ ಕಾಗೆ ಹಾರುವ ಹಾಗೆ ದೂರ ಅಳೆಯುತ್ತಿತ್ತು. ನಮ್ಮ ಗಿರಾಕಿಗಳಲ್ಲಿ ಕಾಗೆಗಳು ಕಡಿಮೆ. ಆಚೆಯಿಂದ ಮತ್ತೆ ದನಿ ಬಂತು, ಈ ಸಲ ಸಮಾಧಾನದಲ್ಲಿ.

"ಅದನ್ನು ನೋಡಿ ನಮಗೂ ಖುಷಿಯಾಯ್ತು. ಇಷ್ಟು ವರ್ಷ ನಾವು ದೂರ ಅಂತಲೇ ಎಣಿಸಿಕೊಂಡಿದ್ದೆವು!"

ಅಂದೇ ಬಂದು ಕಿಲೋಮೀಟರನ್ನು ತೆಗೆದುಹಾಕಿದೆ. ಬಸ್ಸು ಎಲ್ಲಿ ನಿಲ್ಲುತ್ತದೆ, ಕೊನೆಯ ಬಸ್ಸು ಎಷ್ಟು ಗಂಟೆಗೆ, ಇಳಿದ ಮೇಲೆ ಎಷ್ಟು ಹೊತ್ತು ನಡಿಗೆ, ಮಧ್ಯೆ ಹೊಳೆ ಉಂಟಾ ಎಂಬ ಪ್ರಶ್ನೆಗಳನ್ನು ಹಾಕಿದೆ. ಧಣಿ ಕೊನೆಯ ಪ್ರಶ್ನೆಯನ್ನು ಓದಿ ಬೇಸರ ಮಾಡಿಕೊಂಡರು. "ಇಷ್ಟೆಲ್ಲ ಕೇಳಿದರೆ ವ್ಯಾಪಾರ ಆಗುದು ಹೇಗೆ ಮಾರಾಯ್ರೆ?"

೪. ಕೊಡೆ

ಇಲ್ಲಿ ಮನೆ ಹುಡುಕುವವರು ಮೊದಲು ಕೇಳುವುದು ಕೋಣೆಯನ್ನಲ್ಲ, ಬಾವಿಯನ್ನು. ಮೇ ತಿಂಗಳಲ್ಲಿ ನೀರು ಉಂಟಾ? ಅದನ್ನೂ ಪಟ್ಟಿಗೆ ಸೇರಿಸಿದೆ. ಮನೆ ಕೊಡುವವರೆಲ್ಲ 'ಉಂಟು' ಅಂದರು. ಒಬ್ಬರೂ ಇಲ್ಲ ಅನ್ನಲಿಲ್ಲ. ಮೂರು ತಾಲೂಕಿನಲ್ಲಿ ನೀರಿನ ಸಮಸ್ಯೆ ಒಂದೇ ದಿನದಲ್ಲಿ ಬಗೆಹರಿಯಿತು.

ಹಾಗಾಗಿ ಇದೇ ವಾರ ತೆಗೆದ ಬಾವಿಯ ಫೋಟೋ ಕಳಿಸಬೇಕು ಎಂದು ನಿಯಮ ಮಾಡಿದೆ. ಮರುದಿನವೇ ಒಂದು ಫೋಟೋ ಬಂತು. ಬಾವಿ ತುಂಬಿ ತುಳುಕುತ್ತಿತ್ತು. ಲೈನ್‌ಮ್ಯಾನ್ ನನ್ನ ಪಕ್ಕದಲ್ಲೇ ಕೂತಿದ್ದರು. ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದರು.

"ಸರ್, ಬಾವಿಕಟ್ಟೆ ಹತ್ತಿರ ನಿಂತ ಅಕ್ಕ ಕೊಡೆ ಹಿಡಿದಿದ್ದಾರೆ."

ಮಾಲೀಕರಿಗೆ ಫೋನ್ ಮಾಡಿದೆ. "ಕೊಡೆ ಯಾಕೆ?"

"ಬಿಸಿಲಲ್ವಾ? ಎಂತ ಸೆಕೆ ಮಾರಾಯ್ರೆ!"

"ಕೊಡೆಯ ತುದಿಯಿಂದ ನೀರು ಬೀಳ್ತಾ ಉಂಟು."

ಆ ಕಡೆಯಿಂದ ಗಂಭೀರವಾಗಿ ಉತ್ತರ ಬಂತು.

"ನೋಡಿ, ನಮ್ಮಲ್ಲಿ ನೀರು ಅಷ್ಟುಂಟು."

೫. ಯಾವ ಇಲಾಖೆ?

ಮೇ ಮಧ್ಯದ ಹೊತ್ತಿಗೆ ಹೊಳೆ ಇಲ್ಲದ, ಬಾವಿ ಬತ್ತದ ಮೂರು ಮನೆ ಉಳಿದವು. ಒಂದೇ ದಿನ ಮೂರನ್ನೂ ನೋಡಲು ಹೊರಟೆವು. ದಾರಿಯಲ್ಲಿ ಲೈನ್‌ಮ್ಯಾನ್‌ಗೆ ಹೇಳಿಕೊಟ್ಟೆ. ಸುಳ್ಳು ಹೇಳುವುದು ಬೇಡ, ಸರ್ಕಾರಿ ಕೆಲಸ ಅಂದರೆ ಸಾಕು. ಇದು ನನ್ನ ಎಂ.ಎ.ಯ ಸಲಹೆ.

ಮೊದಲ ಮನೆಯ ಯಜಮಾನರು ಸಿಟೌಟಿನಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು.

"ಎಂತ ಕೆಲಸ?"

"ಸರ್ಕಾರಿ ಕೆಲಸ."

"ಯಾವ ಇಲಾಖೆ?"

"ಹೀಗೇ... ಹೊರಗೆ ತಿರುಗುವ ಕೆಲಸ. ಗುಡ್ಡೆ, ಕಾಡು ಎಲ್ಲ."

ಯಜಮಾನರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ನಾನು ಆ ಹೊತ್ತಿಗೆ ಸರಿಯಾಗಿ ಬಾಗಿಲಿನ ಫೋಟೋ ತೆಗೆಯುತ್ತಿದ್ದೆ. ಆಪಿಗೆ ಬೇಕಿತ್ತು. ಹೊಸ ಬಾಗಿಲು, ಒಳ್ಳೆಯ ತೇಗ.

"ಆ ಮರ ತಾನಾಗಿಯೇ ಬಿದ್ದದ್ದು" ಅಂದರು ಯಜಮಾನರು.

"ಯಾವ ಮರ?" ಲೈನ್‌ಮ್ಯಾನ್ ಕೇಳಿದರು.

"ಗಾಳಿಗೆ ಬಿದ್ದದ್ದು. ಊರವರೆಲ್ಲ ನೋಡಿದ್ದಾರೆ. ಬೇಕಾದರೆ ಕೇಳಿ."

ಮನೆ ಈಗಷ್ಟೇ ಬೇರೆಯವರಿಗೆ ಮಾತಾಯಿತು ಎಂದು ಕಳಿಸಿಕೊಟ್ಟರು. ಮಜ್ಜಿಗೆ ಇನ್ನೂ ಅರ್ಧ ಇತ್ತು.

ಎರಡನೇ ಮನೆಯಲ್ಲಿ ಒಬ್ಬರು ಅಕ್ಕ. ಈ ಸಲ ಲೈನ್‌ಮ್ಯಾನ್ ಕಾಡಿನ ಸುದ್ದಿ ಎತ್ತಲಿಲ್ಲ. "ಜಾಗೆಯಿಂದ ಜಾಗೆಗೆ ಹೋಗುವ ಕೆಲಸ ಅಕ್ಕ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೀಲಿಕ್ಕೆ ಉಂಟು" ಅಂದರು. ಅಕ್ಕ ಎದ್ದು ನಿಂತರು.

"ಬೇಲಿ ನಾವು ಹಾಕಿದ್ದಲ್ಲ. ಮಾವನ ಕಾಲದಿಂದಲೂ ಅದು ಅಲ್ಲೇ ಉಂಟು. ಆಚೆ ಬದಿ ಸರ್ಕಾರದ್ದು ಅಂತ ನಮಗೆ ಯಾರೂ ಹೇಳಲಿಲ್ಲ."

"ನಾವು ಸರ್ವೆಯವರಲ್ಲ ಅಕ್ಕ" ಅಂದೆ.

"ನಾನು ಸರ್ವೆ ಅಂತ ಹೇಳಿದ್ನಾ? ನೀವೇ ಹೇಳಿದ್ದು!"

ಮೂರನೇ ಮನೆಯಲ್ಲಿ ನಾನೇ ಮಾತಾಡಿದೆ. ಇವರದ್ದು ಕಾಡಿನ ಕೆಲಸವೂ ಅಲ್ಲ, ಜಾಗ ಅಳೆಯುವುದೂ ಅಲ್ಲ ಎಂದು ಮೊದಲೇ ಹೇಳಿದೆ. ಅಷ್ಟು ಹೇಳಿದ್ದೇ ತಪ್ಪು. ಯಜಮಾನರು ಬೆರಳು ಮಡಚುತ್ತಾ ಉಳಿದ ಇಲಾಖೆಗಳನ್ನು ಮನಸ್ಸಿನಲ್ಲೇ ಎಣಿಸಿದ ಹಾಗೆ ಕಂಡಿತು. ಒಂದು ಬೆರಳಿಗೆ ಬಂದು ನಿಂತರು. ಒಳಗೆ ತಿರುಗಿ ಹೆಂಡತಿಗೆ ತುಳುವಿನಲ್ಲಿ ಏನೋ ಹೇಳಿದರು. ಹಿತ್ತಿಲ ಕಡೆ ಒಂದು ದೊಡ್ಡ ಮಡಕೆ ಎಳೆದುಕೊಂಡು ಹೋಗುವ ಶಬ್ದ ಕೇಳಿಸಿತು. ಸಾರಾಯಿಗೆ ಕೊಳೆಸಿಟ್ಟ ಗೇರುಹಣ್ಣಿನ ಹುಳಿ ವಾಸನೆ ಮನೆಯಿಡೀ ಹರಡಿತು.

"ದನಕ್ಕೆ" ಅಂದರು ಯಜಮಾನರು, ನಾವು ಕೇಳುವ ಮೊದಲೇ. ದನದ ಹಟ್ಟಿ ಖಾಲಿ ಇತ್ತು.

ಹೊರಗೆ ಬಂದು ಬೈಕಿನ ಹತ್ತಿರ ನಿಂತೆವು. ಲೈನ್‌ಮ್ಯಾನ್ ಎಂದಿದ್ದರೆ ಮೂರು ಮನೆಯವರೂ ಬೀಗದ ಕೈಯನ್ನು ಅಂಗೈ ಮೇಲೆ ಇಡುತ್ತಿದ್ದರು. ಅದು ಇಬ್ಬರಿಗೂ ಗೊತ್ತಿತ್ತು.

"ಹೇಳಿಬಿಡುವುದಾ?" ಕೇಳಿದೆ. "ಶಾಲೆ ಶುರುವಾಗಲಿಕ್ಕೆ ಎರಡೇ ವಾರ ಉಳಿದಿದೆ."

"ಹೇಳಿದರೆ ಮನೆ ಸಿಗ್ತದೆ ಸರ್. ಮನೆಯವಳು ಸಿಗುದಿಲ್ಲ." ಹೆಲ್ಮೆಟ್ ಹಾಕಿಕೊಂಡು ಗಾಡಿ ಸ್ಟಾರ್ಟ್ ಮಾಡಿದರು. ಸ್ವಲ್ಪ ದೂರ ಹೋದ ಮೇಲೆ ತಲೆ ಹಿಂದೆ ತಿರುಗಿಸಿ ಹೇಳಿದರು: "ಆದರೂ ಒಂದು ಮಾತು. ಹನ್ನೆರಡು ವರ್ಷ ಕಂಬದ ಮೇಲಿಂದ ನೋಡಿದರೂ ಊರಿನ ಬಗ್ಗೆ ಇಷ್ಟು ಗೊತ್ತಾಗಿರಲಿಲ್ಲ."

೬. ಪ್ರಶ್ನೆ ಕೇಳದ ಮಾಲೀಕ

ಕೊನೆಗೆ ಮನೆ ಸಿಕ್ಕಿದ್ದು ಕಡಬದಿಂದ ಪಂಜಕ್ಕೆ ಹೋಗುವ ದಾರಿಯಲ್ಲಿ. ಒಟ್ಟಿಗೆ ಆರು ಮನೆ, ಅದರಲ್ಲಿ ಒಂದು ಖಾಲಿ. ಮಾಲೀಕರು ಹಿಂದೆ ಜನ ಹತ್ತಿಸಿಕೊಂಡು ಹೋಗುವ ಸರ್ವಿಸ್ ಜೀಪು ಓಡಿಸುತ್ತಿದ್ದವರು. ನಾವು ಹೋದಾಗ ಜೀಪು ತೊಳೆಯುತ್ತಿದ್ದರು. ಅದು ಓಡದೆ ಬಹಳ ಕಾಲವಾಗಿತ್ತು, ಆದರೂ ತೊಳೆಯುತ್ತಿದ್ದರು.

ಬಾವಿಗೆ ಇಣುಕಿದೆ. ನೀರಿತ್ತು. ಬಸ್ಸು ಗೇಟಿನ ಎದುರೇ ನಿಲ್ಲುತ್ತಿತ್ತು. ಶಾಲೆ ಹತ್ತು ನಿಮಿಷದ ನಡಿಗೆ. ಈ ಮನುಷ್ಯ ಉದ್ಯೋಗ ಕೇಳಲಿಲ್ಲ, ಊರು ಕೇಳಲಿಲ್ಲ, ಜಾತಿ ಕೇಳಲಿಲ್ಲ, ಮೀನು ತಿನ್ನುತ್ತೀರಾ ಎಂದೂ ಕೇಳಲಿಲ್ಲ. ಮಗಳಿಗೆ ಎಷ್ಟು ವರ್ಷ ಅಂತ ಮಾತ್ರ ಕೇಳಿದರು.

ಪ್ರಶ್ನೆ ಕೇಳದ ಮಾಲೀಕರನ್ನು ನಾನು ನಂಬುವುದಿಲ್ಲ. "ನಿಮಗೆ ಇವರ ಬಗ್ಗೆ ಏನೂ ತಿಳಿಯಬೇಕಾಗಿಲ್ವಾ?" ಅಂದೆ.

"ನನಗೆಂತಕ್ಕೆ? ಬಾಡಿಗೆಗೆ ಮನೆ ಕೊಡುದು. ಹೆಣ್ಣು ಕೊಡುದಲ್ಲ."

ಅಂದು ಸಂಜೆಯೇ ಲೈನ್‌ಮ್ಯಾನ್ ಮಂಡೆಕೋಲಿಗೆ ಫೋನ್ ಮಾಡಿದರು. ಹೆಂಡತಿ, ಮಗಳು ಸಾಮಾನಿನ ಜೊತೆ ಬಂದರು. ಮಗಳನ್ನು ಶಾಲೆಗೆ ಸೇರಿಸಿದರು. ಖಾಕಿ ಅಂಗಿಯನ್ನು ಲೈನ್‌ಮ್ಯಾನ್ ಚೀಲದಲ್ಲಿ ಹಾಕಿಕೊಂಡು ಹೋಗಿ ಕರೆಂಟ್ ಆಫೀಸಿನಲ್ಲಿ ಬದಲಿಸುತ್ತಿದ್ದರು.

ನಮ್ಮ ಆಫೀಸಿನಲ್ಲಿ ಮಾತ್ರ ಒಂದು ಗಂಡಾಂತರ ಬಂತು. ಆ ಮನೆಯ ಪಕ್ಕದ ಹತ್ತು ಸೆಂಟ್ಸ್ ಜಾಗ ಮಾರಾಟಕ್ಕೆ ಬಂದಿತ್ತು. ಧಣಿ ಅದರ ಜಾಹೀರಾತನ್ನು ಸ್ವತಃ ಕಾಗದದಲ್ಲಿ ಬರೆದು ಆಪಿಗೆ ಹಾಕಲು ನನ್ನ ಮೇಜಿನ ಮೇಲೆ ಇಟ್ಟಿದ್ದರು. ಮೊದಲ ಸಾಲು: 'ಪಕ್ಕದ ಮನೆಯಲ್ಲೇ ಲೈನ್‌ಮ್ಯಾನ್ ವಾಸ.'

ಕಾಗದವನ್ನು ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದೆ. ಧಣಿಗೆ ನಿಜವಾಗಿ ನೋವಾಯಿತು.

"ಕೆರೆಯನ್ನು ಈಜುಕೊಳ ಅಂತ ಹಾಕಿದಾಗ ಒಂದು ವಾರ ಸುಮ್ಮನಿದ್ದಿರಿ. ಜೀವಮಾನದಲ್ಲಿ ಒಂದು ಸತ್ಯ ಬರೆದೆ, ಅದನ್ನು ಹರಿದು ಹಾಕಿದಿರಿ!"

೭. ಭಾನುವಾರದ ವಾಕಿಂಗ್

ಜೂನಿನ ಒಂದು ಭಾನುವಾರ ಲೈನ್‌ಮ್ಯಾನ್ ನನ್ನನ್ನು ಊಟಕ್ಕೆ ಕರೆದರು. ನೀರುದೋಸೆ, ಕೋಳಿ ಸಾರು. ಹೊರಗೆ ಸಣ್ಣ ಮಳೆ. ಹುಡುಗಿ ಪಟ್ಟಿ ಪುಸ್ತಕದಲ್ಲಿ ಜೀಪಿನ ಚಿತ್ರ ಬರೆಯುತ್ತಿದ್ದಳು. ಒಳಗೆ ಮಿಕ್ಸಿ ತೆಂಗಿನಕಾಯಿ ಮಸಾಲೆ ಅರೆಯುತ್ತಿತ್ತು.

ಹನ್ನೊಂದು ಗಂಟೆಗೆ ಮಿಕ್ಸಿ ನಿಂತಿತು. ಫ್ಯಾನೂ ನಿಂತಿತು.

ಲೈನ್‌ಮ್ಯಾನ್ ಬಾಗಿಲು ನೋಡಿದರು. ಹೆಂಡತಿ ಅಡುಗೆಮನೆಯಿಂದ ಬಂದು ಬಾಗಿಲು ನೋಡಿದರು. ನಾನೂ ನೋಡಿದೆ. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ಯಾರೂ ಬರಲಿಲ್ಲ.

"ನೋಡಿದ್ರಾ ಸರ್!" ಹೆಂಡತಿಯ ಮುಖದಲ್ಲಿ ದೊಡ್ಡ ನಗು. "ಹನ್ನೆರಡು ವರ್ಷದಲ್ಲಿ ಮೊದಲನೇ ಸಲ. ನಿಮ್ಮ ಆಪಿಗೆ ಒಳ್ಳೆದಾಗಲಿ."

ನನ್ನ ಕೆಲಸವನ್ನು ಯಾರಾದರೂ ಹೊಗಳುವುದು ಅಪರೂಪ. ಹೇಗೆ ಕೂರಬೇಕೆಂದು ತಿಳಿಯದೆ ಕಾಲು ಬದಲಿಸಿದೆ.

ಅರ್ಧ ಗಂಟೆಯಾಯಿತು. ಲೈನ್‌ಮ್ಯಾನ್ ಎದ್ದು ಹೋಗಿ ಹೊರಗೆ ಇಣುಕಿ ಬಂದು ಕೂತರು. ಮತ್ತೆ ಎದ್ದರು. ಗಿರಾಕಿ ಬಾರದ ಅಂಗಡಿಯವರ ಹಾಗೆ ಕಂಡರು.

"ಒಬ್ಬರೂ ಬರಲಿಲ್ಲ" ಅಂದರು. "ಎಂತ, ಇಲ್ಲಿಯವರಿಗೆ ಕರೆಂಟ್ ಬೇಡ್ವಾ?"

ತಡೆಯಲಾರದೆ ಕರೆಂಟಿನ ಸ್ಟೇಷನ್ನಿಗೆ ಫೋನ್ ಮಾಡಿದರು. ಮೇನ್ ಲೈನ್ ಸರಿ ಇತ್ತು. ಇವರ ಮನೆ ಹಿಂದಿನ ಟ್ರಾನ್ಸ್‌ಫಾರ್ಮರ್‌ನದ್ದೇ ಫ್ಯೂಸ್ ಹೋಗಿರಬೇಕು. ಡ್ಯೂಟಿಯವರು ಸುಬ್ರಹ್ಮಣ್ಯದ ಕಡೆ ಬಿದ್ದ ಮರ ತೆಗೆಸುತ್ತಿದ್ದರು, ಬರಲು ಮೂರು ಗಂಟೆಯಾದರೂ ಬೇಕು. "ನನಗೆ ಇವತ್ತು ರಜೆ" ಎಂದು ನಮಗೆಲ್ಲ ಕೇಳುವ ಹಾಗೆ ಹೇಳಿ ಫೋನ್ ಕೆಳಗಿಟ್ಟರು.

ಹನ್ನೆರಡೂವರೆ. ದೋಸೆ ಹಿಟ್ಟು ತಯಾರಿತ್ತು. ಕೋಳಿ ಬೆಂದಿತ್ತು. ಮಸಾಲೆ ಅರ್ಧ ಅರೆದು ನಿಂತಿತ್ತು. ಅರೆಯುವ ಕಲ್ಲು ಮಂಡೆಕೋಲಿನಲ್ಲಿ ಉಳಿದಿತ್ತು. ಹೆಂಡತಿ ಮಿಕ್ಸಿಯ ಜಾರನ್ನು ಕೈಯಲ್ಲಿ ಹಿಡಿದುಕೊಂಡು ಬಂದು ಗಂಡನ ಎದುರು ನಿಂತರು.

"ಕೇಳ್ತಾ?"

"ಹೂಂ."

"ಇದು ಯಾವಾಗ ಬರ್ತದೆ?"

ಲೈನ್‌ಮ್ಯಾನ್ ಹೆಂಡತಿಯ ಮುಖವನ್ನೇ ನೋಡಿದರು. ಹನ್ನೆರಡು ವರ್ಷ ಅಂಗಳದಿಂದ ಬರುತ್ತಿದ್ದ ಪ್ರಶ್ನೆ ಅಡುಗೆಮನೆಯಿಂದ ಬಂದಿತ್ತು.

"ನೀನೂ ಕೇಳುದಾ?"

"ನಾನು ಹೆಂಡತಿ ಅಂತ ಕೇಳುದಲ್ಲ. ಬಿಲ್ಲು ಕಟ್ಟುವವಳು ಅಂತ ಕೇಳುದು."

"ನಾನೀಗ ಹೊರಗೆ ಹೋಗಿ ಸರಿ ಮಾಡಿದರೆ ಎಲ್ಲರಿಗೂ ಗೊತ್ತಾಗ್ತದೆ. ನಾಳೆಯಿಂದ ಅಂಗಳದಲ್ಲಿ ಜನ. ನೀನು ಮತ್ತೆ ಗಂಟು ಕಟ್ಟಿ ಹೋಗುದು. ಇವಳ ಶಾಲೆ?"

ಹೆಂಡತಿ ಜಾರನ್ನು ನೋಡಿದರು. ಮಗಳನ್ನು ನೋಡಿದರು. ನನ್ನ ಹಸಿದ ಮುಖವನ್ನೂ ಒಮ್ಮೆ ನೋಡಿದರು. ಕಷ್ಟದ ತೀರ್ಮಾನ.

"ಹಿಂದಿನ ಬಾಗಿಲಲ್ಲಿ ಹೋಗಿ" ಅಂದರು.

ಲೈನ್‌ಮ್ಯಾನ್ ಮತ್ತೆ ಸ್ಟೇಷನ್ನಿಗೆ ಫೋನ್ ಮಾಡಿ ಒಪ್ಪಿಗೆ ತೆಗೆದುಕೊಂಡರು. ರಬ್ಬರ್ ಕೈಗವಸು, ಇಕ್ಕಳ, ಫ್ಯೂಸ್ ತಂತಿ ಎಲ್ಲ ತರಕಾರಿ ಚೀಲಕ್ಕೆ ಹೋದವು. ಫ್ಯೂಸ್ ಎಳೆಯುವ ಉದ್ದ ಕೋಲು ಮಾತ್ರ ಯಾವ ಚೀಲಕ್ಕೂ ಹೋಗಲಿಲ್ಲ. ಅವರು ಕೋಲು ಹುಡುಕಿ ತರುವಷ್ಟರಲ್ಲಿ ನಾನು ದಾರಿ ಖಾಲಿ ಉಂಟಾ ಎಂದು ನೋಡಲು ಹಿಂದಿನ ಬಾಗಿಲು ತೆಗೆದು ಹೊರಗೆ ಕಾಲಿಟ್ಟೆ.

ಉಳಿದ ಐದೂ ಮನೆಯವರು ಹಿತ್ತಿಲಲ್ಲಿ ನಿಂತಿದ್ದರು.

ಯಾರೂ ಲೈನ್‌ಮ್ಯಾನ್ ಮನೆಯ ಕಡೆ ನೋಡುತ್ತಿರಲಿಲ್ಲ. ಒಬ್ಬರು ತೆಂಗಿನಮರದ ತುದಿ ನೋಡುತ್ತಿದ್ದರು. ಒಬ್ಬರು ಬಟ್ಟೆಯೇ ಇಲ್ಲದ ಹಗ್ಗವನ್ನು ಮುಟ್ಟಿ ಒಣಗಿತಾ ಎಂದು ಪರೀಕ್ಷಿಸುತ್ತಿದ್ದರು. ಒಬ್ಬರು ಅಕ್ಕ ತೊಳೆದ ಬಟ್ಟಲನ್ನೇ ಮತ್ತೆ ತೊಳೆಯುತ್ತಿದ್ದರು. ಮಾಲೀಕರು ಮಳೆಯಲ್ಲಿ ಕೊಡೆ ಹಿಡಿದುಕೊಂಡು ಜೀಪು ತೊಳೆಯುತ್ತಿದ್ದರು.

ಅವರ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. "ನಿಮಗೆ ಗೊತ್ತಿತ್ತಾ?"

"ಬಂದ ದಿನವೇ" ಅಂದರು, ಜೀಪಿನಿಂದ ಕಣ್ಣು ತೆಗೆಯದೆ. "ಮನೆ ನೋಡಿದ್ದು ನೀವು. ಅವರು ನೋಡಿದ್ದು ಕಂಬ. ಕಂಬ ನೋಡಿ, ತಂತಿ ನೋಡಿ, ಟ್ರಾನ್ಸ್‌ಫಾರ್ಮರ್ ನೋಡಿ ತಲೆ ಅಲ್ಲಾಡಿಸಿದರು. ಮನೆ ಒಳಗೆ ಎಷ್ಟು ಕೋಣೆ ಅಂತ ಅವರಿಗೆ ಸಾಮಾನು ಇಳಿಸುವಾಗಲೇ ಗೊತ್ತಾದದ್ದು."

"ಮತ್ತೆ ಯಾರೂ ಬಾಗಿಲು ಬಡಿಯಲಿಲ್ಲ?"

"ಬಡಿದರೆ ಓಡಿ ಹೋಗ್ತಾರೆ ಮಾರಾಯ್ರೆ. ನಮಗೆ ಒಬ್ಬ ಲೈನ್‌ಮ್ಯಾನ್ ಸಿಕ್ಕಿದ್ದೇ ಈಗ. ಅದಕ್ಕೆ ನಾವು ಆರು ಮನೆಯವರು ಮೀಟಿಂಗ್ ಮಾಡಿದ್ದೇವೆ. ಅಲ್ಲ, ಐದು. ಅವರನ್ನು ಕರೀಲಿಲ್ಲ. ಯಾರೂ ಕೇಳಬಾರದು, ಫೋನ್ ಮಾಡಬಾರದು, ಅವರಾಗಿ ಬರುವ ತನಕ ಕಾಯುದು ಅಂತ."

"ಎಷ್ಟು ಹೊತ್ತು ಕಾಯುವುದು?"

"ಬೇರೆ ದಿನವಾದರೆ ಕಷ್ಟ. ಇವತ್ತು ಭಾನುವಾರ. ಅವರ ಮನೆಯಲ್ಲೂ ಮಸಾಲೆ ಅರೀಲಿಕ್ಕೆ ಇರ್ತದಲ್ವಾ?"

ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಮೊದಲು ಕೋಲು ಹೊರಗೆ ಬಂತು. ಆಮೇಲೆ ತರಕಾರಿ ಚೀಲ. ಕೊನೆಗೆ ಲೈನ್‌ಮ್ಯಾನ್. ಎರಡು ಹೆಜ್ಜೆ ಇಟ್ಟು ತಲೆ ಎತ್ತಿದವರು ಐದು ಮನೆಯ ಜನರನ್ನು ಕಂಡು ಇದ್ದಲ್ಲೇ ನಿಂತರು. ಅಡುಗೆಮನೆಯ ಕಿಟಕಿಯಲ್ಲಿ ಅವರ ಹೆಂಡತಿ ಜಾರು ಹಿಡಿದುಕೊಂಡು ನಿಂತಿದ್ದರು.

ಬಟ್ಟಲು ತೊಳೆಯುವ ಶಬ್ದ ನಿಂತಿತು.

ಮಾಲೀಕರು ಆಗಷ್ಟೇ ಅವರನ್ನು ಕಂಡ ಹಾಗೆ ತಿರುಗಿದರು. ಆಳುದ್ದದ ಕೋಲನ್ನು ಬುಡದಿಂದ ತುದಿಯವರೆಗೆ ನೋಡಿದರು. ಅದೇನೆಂದು ಗೊತ್ತಿಲ್ಲದವರ ಹಾಗೆ ಕೇಳಿದರು.

"ಎಂತ ಮಾರಾಯ್ರೆ, ವಾಕಿಂಗಾ?"

ಲೈನ್‌ಮ್ಯಾನ್ ಕೋಲು ನೋಡಿದರು, ಕಿಟಕಿ ನೋಡಿದರು, ಮಾಲೀಕರ ಮುಖ ನೋಡಿದರು.

"ಹೌದು" ಅಂದರು. "ಟ್ರಾನ್ಸ್‌ಫಾರ್ಮರ್ ತನಕ."

"ಒಳ್ಳೆ ಅಭ್ಯಾಸ" ಅಂದರು ಮಾಲೀಕರು. "ಮಳೆಗಾಲ ಮುಗಿಯುವ ತನಕ ಬಿಡಬೇಡಿ."